ಒದ್ದೆ ಲಂಗಕ್ಕೆ ಎಂಟು

"ಕುರ್ಚಿ ಇನ್ನೂ ಒಂಚೂರು ಮುಂದಕ್ಕೆ ಎಳಿ, ನನ್ನ ಮೇಲೆ ಹನೀನೇ ಬೀಳ್ತಿಲ್ಲ"... ಅಷ್ಟೇ ಕಣೇ. ನಿಮ್ಮಜ್ಜಿ ನನ್ನ ಹತ್ರ ಆಡಿದ ಕೊನೇ ಮಾತು ಇಷ್ಟೇ.

ಯಾಕೆ ನಗ್ತೀಯ? ನಗು, ನಗು. ನನ್ನ ರಿಪೆಕಾ ಏನೋ ದೊಡ್ಡ ಮಾತು ಹೇಳಿ ಹೋಗಿರ್ತಾಳೆ ಅಂದ್ಕೊಂಡ್ಯಾ? ನೀನು ಕೇಳಿದೆ, ನಾನು ಹೇಳಿದೆ. ಕುರ್ಚಿ ಎಳಿ ಅಂದ್ಲು. ಎಳೆದೆ. ಚಹಾ ಫ್ಲಾಸ್ಕು ಗಾಡೀಲಿತ್ತು, ತರೋಕೆ ಹೋದೆ. ಹಿಂದಿಂದ ಧಡಾರ್ ಅಂತ ನೀರಿನ ಸದ್ದು. ಆಮೇಲೆ "ಎಂಟು!" ಅಂತ ಅವಳು ಕೂಗಿದ್ದು. ಅದು ನನಗಲ್ಲ. ನಿನಗೆ. ಆ ಎಂಟು ನಿಂದು, ತೆರೀನಾ.

ಫ್ಲಾಸ್ಕು ಹಿಡ್ಕೊಂಡು ಬಂದೆ. ತಲೆ ವಾಲಿತ್ತು. ಕಾಲು ನೀರಲ್ಲಿತ್ತು. ಲಂಗ ತೊಪ್ಪೆ. ನಿದ್ದೆ ಅಂದ್ಕೊಂಡೆ...

ಇರಲಿ ಬಿಡು. ಕೂತ್ಕೋ. ಅದರಲ್ಲಿ ಬೇಡ, ಮೆಟ್ಟಿಲ ಮೇಲೆ ಕೂತ್ಕೋ. ಹೌದು, ಅದು ಅವಳದ್ದೇ ಕುರ್ಚಿ. ಹೊಳೆ ದಡದಲ್ಲೇ ಬಿಟ್ಟು ಬಂದಿದ್ವಿ. ಅವಳನ್ನ ಮಣ್ಣು ಮಾಡಿ ಮನೆಗೆ ಬಂದಾಗ ಜಗಲೀಲಿತ್ತು. ಯಾರು ತಂದಿಟ್ರೋ. ಕೇಳೋಕೆ ಹೋಗಲಿಲ್ಲ.

ಸರಿ, ಟವೆಲ್ಲು ಹೆಗಲಿಗೆ ಹಾಕ್ಕೊಂಡು ಬಂದಿದೀಯ ಅಂದ್ರೆ ಗೊತ್ತಾಯ್ತು ಬಿಡು. ಹುಡುಗರೆಲ್ಲ ಸೇರಿ ನಿನ್ನ ಮುಂದೆ ತಳ್ಳಿದಾರೆ. "ಮೊಮ್ಮಗಳು ತಾನೆ, ತಾತನ್ನ ನೀನೇ ಕೇಳು." ಶನಿವಾರ ಮೇಲಿನೂರಿನ ಹುಡುಗರು ಪಂದ್ಯಕ್ಕೆ ಬರ್ತಾರೆ. ಸೇತುವೆ ಮೇಲಿಂದ ಹಾರೋದು, ಗೆಲ್ಲೋದು, ಕುಣಿಯೋದು. ಆದ್ರೆ ಮಡುವಿಗೆ ರಾಹುಯಿ ಇದೆ, ಸೇತುವೆ ಹತ್ರ ಹಲಗೇಲಿ ಬರೆದಿದೆಯಲ್ಲ. ಸಾವಾದ ನೀರು. ಹಿರಿಯರು ಬಂದು ಕಟ್ಟು ಬಿಚ್ಚೋ ತನಕ ಯಾರೂ ಇಳಿಯೋ ಹಾಗಿಲ್ಲ, ಮೀನೂ ಹಿಡಿಯೋ ಹಾಗಿಲ್ಲ. ಇದನ್ನ ನಿನಗೆ ನಾನು ಹೇಳಿಕೊಡಬೇಕಾ?

ಮಡು ಒಂದೇನಾ ಈ ಊರಲ್ಲಿರೋದು? ಸ್ಕೇಟಿಂಗ್ ಗುಂಡಿ ಇದೆಯಲ್ಲ. ಕೌನ್ಸಿಲ್‌ನೋರು ಅಷ್ಟು ಸಿಮೆಂಟ್ ಸುರಿದಿದಾರೆ... ಮೂಗು ಯಾಕೆ ಮುರೀತೀಯ? ಸುಡುತ್ತಾ? ಹ್ಞೂಂ, ಅದೂ ನಿಜ. ಈ ಜನವರಿ ನಡುಬೇಸಿಗೆ ಬಿಸಿಲಲ್ಲಿ ಅದರ ಮೇಲೆ ಮೊಟ್ಟೆ ಹುರೀಬಹುದು. ಹೋಗ್ಲಿ, ಲೈಬ್ರರಿ ಮೆಟ್ಟಿಲು? ಬಾಗಿಲು ಹಾಕಿದ ಮೇಲೂ ಫೋನಿಗೆ ವೈಫೈ ಸಿಗುತ್ತಂತೆ. ನೋಡಿದೀನಿ ನಿಮ್ಮನ್ನ. ಸಾಲಾಗಿ ಕೂತಿರ್ತೀರ, ಒಬ್ಬರ ಮುಖ ಒಬ್ಬರು ನೋಡಲ್ಲ. ಕಾವಿಗೆ ಕೂತ ಕೋಳಿಗಳ ಹಾಗೆ... ನೋಡು, ನಗು ಬಂತು! ಮತ್ತೆ ಆ ಚಿಪ್ಸ್ ಅಂಗಡಿ ಪಕ್ಕದ ಮೋಟುಗೋಡೆ. ಅಲ್ಲೇ ಅಲ್ವಾ ಆ ಉದ್ದಕಾಲಿನ ಹುಡುಗ ನಿನಗೆ ಐಸ್‌ಕ್ರೀಮ್... ಆಯ್ತು, ಆಯ್ತು. ಹೆಸರು ಹೇಳಲ್ಲ. ಟವೆಲ್ಲಲ್ಲಿ ಮುಖ ಮುಚ್ಕೋಬೇಡ.

ನಮ್ಮ ಕಾಲಕ್ಕೆ ಇವೆಲ್ಲ ಎಲ್ಲಿತ್ತು? ಸೇತುವೆ ಒಂದೇ. ಅವಾಗ ರೈಲು ಓಡ್ತಿತ್ತು. ರೈಲು ಬರೋ ಹೊತ್ತು ನೋಡ್ಕೊಂಡು ಹಾರ್ತಿದ್ವಿ. ಕಸಾಯಿಖಾನೆ ಕೆಲಸ ಮುಗಿಸಿ, ಮೈಯೆಲ್ಲ ಕುರಿ ವಾಸನೆ, ಮನೆಗೂ ಹೋಗ್ತಿರಲಿಲ್ಲ. ನಿಮ್ಮಜ್ಜಿ ಕೆಳಗೆ ದಡದಲ್ಲಿ, ಹುಡುಗೀರ ಜೊತೆ. ಅವಾಗಲೇ ನಂಬರ್ ಕೊಡೋಳು. ಕುಂಡಿ ಮೊದಲು ಬೀಳಬೇಕು, ಮೈ ಮಡಚಿರಬೇಕು, ನೀರು ಮರದೆತ್ತರ ಏಳಬೇಕು... ನಿನಗೆ ಗೊತ್ತು ಬಿಡು, ನೀನು ನನಗಿಂತ ಚೆನ್ನಾಗಿ ಹಾರ್ತೀಯ. ಅವಳ ಲಂಗ ಪೂರ್ತಿ ಒದ್ದೆ ಆದ್ರೆ ಎಂಟು. ಅರ್ಧ ಆದ್ರೆ ಐದು. ಹತ್ತು ಯಾರಿಗೂ ಇಲ್ಲ. "ಹತ್ತು ಕೊಟ್ರೆ ನಾಳೆ ಮತ್ತೆ ಯಾಕೆ ಬರ್ತಾರೆ" ಅನ್ನೋಳು.

ನನಗೆ ಎಷ್ಟು ಗೊತ್ತಾ? ಮೂರು. ಯಾವಾಗ್ಲೂ ಮೂರು. ನಂದು ಹೊಟ್ಟೆ ಮೊದಲು ಬೀಳ್ತಿತ್ತು. ಮೂರು ಕೊಟ್ಲು, ಮದುವೇನೂ ಆದ್ಲು. ಹೆಂಗೆ ಅಂತ ನನ್ನ ಕೇಳಬೇಡ.

ಏನು? ಹ್ಞಾ... ರಾಹುಯಿ. ಅದು ನನ್ನ ಕೈಲಿಲ್ಲ ಮಗಾ. ಹಿರಿಯರ ವಿಷಯ. ವಿರೆಮು ಅಣ್ಣನ್ನ ಕೇಳು. ಕೇಳಿದ್ಯಾ? ಏನಂದ? ಹೋನೆ ಹಾಕಿದ್ದು ಅಂದನಾ. ಸರಿ, ಮತ್ತೆ ಹೋನೇನ ಕೇಳು... ಅವನನ್ನೂ ಕೇಳಿದ್ಯಾ? ವಿರೆಮು ಹಾಕಿದ್ದು ಅಂದನಾ?

ಹ್ಞೂಂ. ಇಬ್ಬರಿಗೂ ವಯಸ್ಸಾಯ್ತು. ಮರೆವು.

ಎತ್ತ ನೋಡ್ತಿದೀಯ? ಕೋಳಿಗೂಡಾ? ಏನಿದೆ ಅಲ್ಲಿ? ಕೋಳಿ ಇದೆ. ಬಾಗಿಲಿಗೆ ಬಣ್ಣ ಇದೆ. ಹಸಿರು. ನಿಮ್ಮಜ್ಜೀನೇ ನಿಂತು ಬಳಿಸಿದ್ದು. ಡಬ್ಬೀಲಿ ಒಂಚೂರು ಮಿಕ್ಕಿತ್ತು... ಹಲಗೆ ಮೇಲಿರೋದೂ ಹಸಿರೇ, ಅದಕ್ಕೇನೀಗ? ಊರಲ್ಲಿ ಇನ್ಯಾರ ಮನೇಲೂ ಹಸಿರು ಬಣ್ಣ ಇರಲ್ವಾ?

ಏನಾದ್ರೂ ಮಾತಾಡೇ. ಹಿಂಗೆ ಕೂರಬೇಡ. ಅವಳೂ ಹಿಂಗೇ ಕೂರೋಳು. ನಾನೇ ಬಾಯಿ ಬಿಡೋ ತನಕ.

ಸರಿ. ನಾನೇ. ಹಲಗೆ ಹೊಡೆದಿದ್ದು ನಾನೇ. ಅದು ರಾಹುಯೀನೂ ಅಲ್ಲ, ಮಣ್ಣೂ ಅಲ್ಲ. ಹಿರಿಯರಿಲ್ಲ, ಪ್ರಾರ್ಥನೆ ಇಲ್ಲ. ಒಂದು ಹಲಗೆ, ನಾಲ್ಕು ಮೊಳೆ. ಊರೆಲ್ಲ ನಂಬಿತು. ಆಮೇಲೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ನೀವು ಹಾರೋ ಸದ್ದು ಇಲ್ಲೀ ತನಕ ಕೇಳುತ್ತೆ, ಗೊತ್ತಾ? ಧಡಾರ್ ಅನ್ನುತ್ತೆ. ಆಮೇಲೆ... ಆಮೇಲೆ ನಂಬರ್ ಬರಲ್ಲ. ಅದನ್ನ ಕೇಳಿಸಿಕೊಂಡು ಇಲ್ಲಿ ಕೂರೋಕೆ ನನ್ನ ಕೈಲಾಗಲ್ಲ ಅನ್ನಿಸ್ತು. ನಿಮ್ಮ ಬೇಸಿಗೆ ರಜಕ್ಕೆ ಮಣ್ಣು ಹಾಕಿದೆ. ತಪ್ಪಾಯ್ತು. ಸಂಜೆ ವಿರೆಮು ಹತ್ರ ಹೋಗ್ತೀನಿ. ಬೈತಾನೆ, ಬೈಸ್ಕೋತೀನಿ. ಹಲಗೆ ನೀನೇ ಕಿತ್ತು ಬಿಸಾಕು. ಶನಿವಾರ ಹಾರಿ, ಆ ಮೇಲಿನೂರಿನೋರ ಸೊಕ್ಕು ಮುರೀರಿ. ಆಯ್ತಲ್ಲ? ಏಳು, ಹೋಗು, ಹುಡುಗರು ಕಾಯ್ತಿರ್ತಾರೆ.

ಯಾಕೆ ಏಳ್ತಿಲ್ಲ? ಇನ್ನೇನು? ಎಲ್ಲಾ ಹೇಳಿದ್ನಲ್ಲ... ಕುರ್ಚಿ ಯಾಕೆ ಸವರ್ತಿದೀಯ?

ಓ.

ನೀನಾ ತಂದಿಟ್ಟಿದ್ದು? ಯಾವಾಗ? ಅವಳು ಹೋದ ಮಾರನೇ ಬೆಳಿಗ್ಗೇನಾ? ಆ ವಿಲ್ಲೋ ಮರದ ಹಿಂದೆ ಇದ್ಯಾ?

ಹಾಗಿದ್ರೆ ನೋಡಿದೀಯ.

ಥೂ... ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಲ್ಲೇ! ನಾನು ಎಲ್ಲರಿಗೂ ಏನಂದಿದ್ದೆ? ಹೊಳೆಸೊಪ್ಪು ಕೊಯ್ಯೋಕೆ ಹೋಗಿದ್ದೆ ಅಂದಿದ್ದೆ. ಅಜ್ಜೀನ ಆಸ್ಪತ್ರೆಯಿಂದ ಸಭಾಮನೆಗೆ ತಂದ್ರು, ಹೆಂಗಸರೆಲ್ಲ ಅಳೋಕೆ ಕೂತ್ರು, ಗಂಡನೇ ಇಲ್ಲ. ಬಂದವರಿಗೆಲ್ಲ ಅಡಿಗೆ ಆಗಬೇಕಲ್ಲ, ಹಂದಿ ಮಾಂಸದ ಜೊತೆ ಸೊಪ್ಪು ಬೇಡ್ವಾ ಅಂದೆ. ತಲೆ ಯಾಕೆ ಒದ್ದೆ ಅಂದ್ರು. ಸೊಪ್ಪಿಗೆ ಬಗ್ಗಿದೆ, ಜಾರಿ ಬಿದ್ದೆ ಅಂದೆ. ಸೊಪ್ಪೆಲ್ಲಿ ಅಂತ ಯಾರೂ ಕೇಳಲಿಲ್ಲ, ನನ್ನ ಪುಣ್ಯ.

ಸೇತುವೆ ಹತ್ತಿದ್ದೆ ಕಣೇ. ಅಂಗಿ ಬಿಚ್ಚಿ ಕಂಬಿಗೆ ಸಿಕ್ಕಿಸಿದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಕೆಳಗೆ ಕುರ್ಚಿ ಕಾಣ್ತಿತ್ತು, ನಾನು ಎಳೆದು ಇಟ್ಟ ಜಾಗದಲ್ಲೇ. ಈ ಮಂಡಿ ಇಟ್ಕೊಂಡು, ಈ ಹೊಟ್ಟೆ ಇಟ್ಕೊಂಡು... ಹಾರಿದೆ. ಮೈ ಮಡಚೋಕೆ ನೋಡಿದೆ, ಆಗಲಿಲ್ಲ. ಚಟೀರ್ ಅಂತು. ಮೇಲೆ ಬಂದು ಕಿವೀಲಿದ್ದ ನೀರು ಕೊಡವಿದೆ, ಚೆನ್ನಾಗಿ ಕೇಳಲಿ ಅಂತ. ಕಾದೆ. ದಡದ ಕಡೆಗೇ ಮುಖ ಮಾಡ್ಕೊಂಡು ಕಾದೆ. ಹೊಳೆ ಹರೀತಿತ್ತು. ಒಂದು ಹಕ್ಕಿ ಕೂಗ್ತು.

ಅಷ್ಟೇ. ಆಮೇಲೇ ಮನೆಗೆ ಬಂದು ಬಣ್ಣದ ಡಬ್ಬಿ ತೆಗೆದಿದ್ದು. ಹಲಗೆ ಹೊಡೆಯೋಕೆ ವಾಪಸ್ ಹೋದಾಗ ಕುರ್ಚಿ ಇರಲಿಲ್ಲ. ಹೊಳೆ ಕೊಂಡೊಯ್ತು ಅಂದ್ಕೊಂಡೆ.

ಏನು? ಬೆರಳು ಯಾಕೆ ಎತ್ತಿದೀಯ?

ಮೂರಾ?

ಬರೀ ಮೂರಾ! ಕುರ್ಚಿ ಒದ್ದೆ ಆಗಿರಲಿಲ್ವಾ? ಒಂದು ಹನೀನೂ ಇಲ್ವಾ?

...ಇನ್ನೂ ಒಂಚೂರು ಮುಂದಕ್ಕೆ ಎಳೆದಿದ್ದಿದ್ರೆ ನಾಲ್ಕು ಬರ್ತಿತ್ತು ಕಣೇ.