ಡುಕ್ಕರ ಫಿಯಾಟಿನ ಕೆಂಪು ಕಾರ್ಪೆಟ್ ಕುರಿತು ರುಕ್ಮವ್ವಳ ಹೇಳಿಕೆ

ನನ್ನ ಹೆಸರು ರುಕ್ಮವ್ವ, ಗಂಡ ಲಗಮಣ್ಣ ಕಾಂಬಳೆ, ವಯಸ್ಸು 41 ವರ್ಷ, ಉದ್ಯೋಗ ವಾಹನಗಳ ಸೀಟು ಮತ್ತು ಕಾರ್ಪೆಟ್ ಹೊಲಿಯುವುದು, ಮೂಲತಃ ಅಥಣಿ ತಾಲೂಕಿನವಳು, ಸದ್ಯ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂಭಾಗದ ಬಾಡಿಗೆ ಖೋಲಿಯಲ್ಲಿ ವಾಸ. ನನಗೆ ಮರಾಠಿ ತಿಳಿಯುತ್ತದೆ. ಆದರೆ ಈ ವಿಷಯವನ್ನು ಮರಾಠಿಯಲ್ಲಿ ತಪ್ಪಿಲ್ಲದೆ ಹೇಳಲು ಆಗುವುದಿಲ್ಲವೆಂದು ಕೇಳಿಕೊಂಡ ಮೇರೆಗೆ ಕನ್ನಡ ಬಲ್ಲ ಹವಾಲ್ದಾರರು ಬರೆದುಕೊಳ್ಳುತ್ತಿದ್ದಾರೆ. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಎಂಐಡಿಸಿಯಲ್ಲಿ ಧನ್ಯಕುಮಾರ ಎಂಬವರ ಗ್ಯಾರೇಜಿನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಈಗ ಬರುವ ಹೊಸ ಕಾರುಗಳಿಗೆ ಕಾರ್ಪೆಟ್ ಕಂಪನಿಯಿಂದಲೇ ಅಚ್ಚೊತ್ತಿ ಬರುತ್ತದೆ. ಆದ್ದರಿಂದ ಟ್ರಕ್ಕಿನ ಸೀಟು, ರಿಕ್ಷಾದ ಹುಡ್ ಬಿಟ್ಟರೆ ನನ್ನ ಕೈಗೆ ಹೆಚ್ಚಿನ ಕೆಲಸ ಇರಲಿಲ್ಲ. ಹೀಗಿರುವಾಗ ಸಾಂಗ್ಲಿಯ ಜಯಪಾಲ ಪಾಟೀಲ ಎಂಬವರು ತಮ್ಮ ತಂದೆಯ ಕಾಲದ ಫಿಯಾಟ್ ಕಾರನ್ನು ಹೊಸದರಂತೆ ಮಾಡಿಕೊಡಲು ಗ್ಯಾರೇಜಿಗೆ ತಂದು ಬಿಟ್ಟರು. ಮೂತಿ ಹಂದಿಯಂತಿರುವುದರಿಂದ ಈ ಗಾಡಿಯನ್ನು ಜನ ಡುಕ್ಕರ ಫಿಯಾಟ್ ಎನ್ನುತ್ತಾರೆ. ಜಯಪಾಲ ಅವರು ಸಾಂಗ್ಲಿ–ಮಿರಜ ರಸ್ತೆಯಲ್ಲಿ ಟಿವಿ, ಫ್ರಿಜ್ಜಿನ ದೊಡ್ಡ ಅಂಗಡಿ ತೆರೆಯುವವರಿದ್ದು, ದೀಪಾವಳಿಯ ಪಾಡವಾ ದಿನ ಉದ್ಘಾಟನೆಗೆ ಈ ಗಾಡಿಯಲ್ಲೇ ಬಂದಿಳಿಯಬೇಕೆಂದು ಅವರ ಇಚ್ಛೆಯಾಗಿತ್ತು.

ಹಳೆಯ ಕಾರ್ಪೆಟ್ ಪೂರ್ತಿ ಕೊಳೆತಿತ್ತು. ಅದನ್ನು ಕಿತ್ತು, ಕೆಳಗಿನ ಡಾಂಬರನ್ನು ಕೆರೆದು ತೆಗೆದೆ. ತುಕ್ಕು ತಿಂದ ಜಾಗಕ್ಕೆ ಧನ್ಯಕುಮಾರರು ತಗಡು ಬೆಸೆದು ಬಣ್ಣ ಬಳಿದರು. ನಂತರ ನಾನು ಕಾಗದದ ಮೇಲೆ ಅಳತೆ ತೆಗೆದುಕೊಂಡು, ಕೆಳಗೆ ದಪ್ಪ ಉಣ್ಣೆಯ ಹಾಸು ಹಾಕಿ, ಮುಂಬಯಿಯಿಂದ ತರಿಸಿದ್ದ ಕೆಂಪು ಕಾರ್ಪೆಟ್ ಕತ್ತರಿಸಿದೆ. ನಡುವಿನ ಉಬ್ಬಿನ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಹಿಡಿದು ಕೂರಿಸಿದೆ. ಅಂಥ ಕಾರ್ಪೆಟ್ಟನ್ನು ನಾನು ಮೊದಲು ಮುಟ್ಟಿರಲಿಲ್ಲ.

ಎಕ್ಸಿಲೇಟರ್ ಪೆಡಲಿನ ಸುತ್ತ ಅಂಗೈಯಗಲ ಜಾಗ ಬಿಟ್ಟು ದುಂಡಗೆ ಕತ್ತರಿಸಿ, ಅಲ್ಲಿ ರಬ್ಬರ್ ತುಂಡು ಅಂಟಿಸಬೇಕೆಂದು ಧನ್ಯಕುಮಾರರು ಎರಡು ಸಲ ಹೇಳಿದ್ದರು. ಹಾಗೆ ಕತ್ತರಿಸಿದರೆ ಬಾಗಿಲು ತೆರೆದ ಕೂಡಲೇ ಆ ಕರಿ ತೇಪೆಯೇ ಕಣ್ಣಿಗೆ ಬೀಳುತ್ತದೆ, ಕೆಲಸದ ಅಂದ ಕೆಡುತ್ತದೆ ಎಂದು ನನಗನ್ನಿಸಿತು. ಆದ್ದರಿಂದ ನಾನು ಪೆಡಲ್ ತೂರುವಷ್ಟು ಸೀಳಿ, ಉಳಿದುದನ್ನು ಇಡಿಯಾಗಿಯೇ ಬಿಟ್ಟೆ. ಸೀಳಿನ ಅಂಚನ್ನು ಹೊಲಿಯಲಿಲ್ಲ. ಹೇಳಿದಂತೆ ಮಾಡಿದೆಯಾ ಎಂದು ಅವರು ಕೇಳಿದಾಗ ಹೌದು ಎಂದೆ. ಅವರು ನನ್ನ ಮಾತು ನಂಬಿ ಬಗ್ಗಿ ನೋಡಲಿಲ್ಲ. ಈ ವಿಷಯದಲ್ಲಿ ಅವರ ತಪ್ಪಿಲ್ಲ.

ಪಾಡವಾ ದಿನ ಬೆಳಿಗ್ಗೆ ಗಾಡಿ ಒಯ್ಯಲು ಕಲ್ಲಯ್ಯ ಎಂಬ ಚಾಲಕರು ಬಂದರು. ಅವರಿಗೆ ಅರವತ್ತು ದಾಟಿದೆ. ಜಯಪಾಲ ಅವರ ತಂದೆಯ ಕಾಲದಲ್ಲಿ ಇದೇ ಗಾಡಿಯನ್ನು ಅವರೇ ನಡೆಸುತ್ತಿದ್ದರು. ಬಾಗಿಲು ತೆರೆದು ಒಳಗೆ ನೋಡಿದವರು ಚಪ್ಪಲಿ ಬಿಟ್ಟು ಹತ್ತಿದರು. ಕಾಕಾ, ಚಪ್ಪಲಿ ಹಾಕ್ಕೊಂಡ ಹತ್ರಿ ಎಂದು ನಾನು ಹೇಳಿದ್ದಕ್ಕೆ ಅವರು, "ಏ, ಇದರ ಮ್ಯಾಲ ಚಪ್ಪಲಿ ಹ್ಯಾಂಗ ಇಡೂದವಾ? ಗಾದಿ ಹಾಸಿದಂಗ ಹಾಸೀದಿ" ಎಂದರು. ಆಗ ನನಗೆ ಬಹಳ ಹಿಗ್ಗಾಯಿತು.

ನನ್ನ ಕೆಲಸವನ್ನು ಜನ ನೋಡುವುದನ್ನು ನೋಡಬೇಕೆಂದು ನಾನು ರಿಕ್ಷಾ ಹಿಡಿದು ಅಂಗಡಿಯ ಹತ್ತಿರ ಹೋಗಿ ರಸ್ತೆಯ ಈಚೆ ನಿಂತಿದ್ದೆ. ಸುಮಾರು ಹತ್ತೂವರೆಗೆ ಗಾಡಿ ಬಂದಿತು. ಅಂಗಡಿಯ ಮುಂದಿನ ಮಂಟಪದ ಹತ್ತಿರ ನಿಧಾನವಾಗಬೇಕಾದ ಗಾಡಿ ಜೋರಾಗಿ ಸದ್ದು ಮಾಡಿ ಮುಂದೆ ನುಗ್ಗಿತು. ಬಾಗಿಲ ಬಳಿ ಕುಳಿತು ಹೂವಿನ ಹಾರ ಕಟ್ಟುತ್ತಿದ್ದ ಹೌಸಾಬಾಯಿ ಎಂಬ ಹೆಂಗಸಿಗೆ ತಗುಲಿ, ಗೋಡೆಗೆ ಬಡಿದು ನಿಂತಿತು. ಹೌಸಾಬಾಯಿಯ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಅವಳ ಕೂಗು ರಸ್ತೆಯ ಈಚೆಗೂ ಕೇಳಿಸಿತು.

ಜನರೆಲ್ಲ ಅವಳ ಕಡೆ ಓಡಿದರು. ಕೆಲವರು ಕಲ್ಲಯ್ಯನವರನ್ನು ಅಂಗಿ ಹಿಡಿದು ಹೊರಗೆಳೆದರು. ನಾನು ಓಡಿದ್ದು ಗಾಡಿಯ ಕಡೆಗೆ. ಕಾರ್ಪೆಟ್ಟಿನ ಸೀಳಿದ ಅಂಚು ಮೇಲೆದ್ದು ಪೆಡಲಿನ ಮೇಲೆ ಮಡಚಿಕೊಂಡು, ಅದನ್ನು ಕೆಳಗೇ ಒತ್ತಿ ಹಿಡಿದಿತ್ತು. ನಾನು ಆಚೀಚೆ ನೋಡಿ, ಅದನ್ನು ಬಿಡಿಸಿ, ಕೈಯಿಂದ ತಿಕ್ಕಿ ಸಪಾಟು ಮಾಡಿದೆ. ಆಮೇಲೆ ಜನರೊಳಗೆ ಹೋಗಿ ನಿಂತೆ. ಹೌಸಾಬಾಯಿಗೆ ನೀರು ಕೊಡಲೂ ನಾನು ಹೋಗಲಿಲ್ಲ.

ಮರುದಿನ ಗಾಡಿಯನ್ನು ಗ್ಯಾರೇಜಿಗೆ ಎಳೆತಂದರು. ಯಾರೂ ಇಲ್ಲದಾಗ ಪೆಡಲಿನ ಸುತ್ತ ದುಂಡಗೆ ಕತ್ತರಿಸಿ ರಬ್ಬರ್ ಅಂಟಿಸಿದೆ. ಕತ್ತರಿಸಿದ ತುಂಡನ್ನು ಎಸೆಯಲು ಧೈರ್ಯವಾಗಲಿಲ್ಲ. ಅದನ್ನು ಇಂದು ಠಾಣೆಯಲ್ಲಿ ಹಾಜರುಪಡಿಸಿದ್ದೇನೆ. ಠಾಣೆಯಿಂದ ಸಾಹೇಬರು ಬಂದು ಗಾಡಿ ತಪಾಸಣೆ ಮಾಡಿದಾಗ ಪೆಡಲು ಸರಿಯಾಗಿಯೇ ಇದೆ ಎಂದು ಬರೆದುಕೊಂಡರು. ನಾನು ಅಲ್ಲೇ ಹೊಲಿಗೆ ಮಶಿನಿನ ಮುಂದೆ ತಲೆ ಬಗ್ಗಿಸಿ ಕುಳಿತಿದ್ದೆ. ಮುದುಕ ಬರಿಗಾಲಲ್ಲಿ ಗಾಡಿ ನಡೆಸಿದ, ಕಾಲು ಜಾರಿತು ಎಂದು ಊರೆಲ್ಲ ಮಾತಾಯಿತು. ಕೇಸು ಕಲ್ಲಯ್ಯನವರ ಮೇಲೆ ದಾಖಲಾಯಿತು. ತಪ್ಪು ತನ್ನದೇ ಎಂದು ಅವರೂ ಹೇಳಿಕೆ ಕೊಟ್ಟರೆಂದು ಕೇಳಿದೆ. ಯಾಕೆ ಹಾಗೆ ಹೇಳಿದರೆಂದು ನನಗೆ ತಿಳಿಯಲಿಲ್ಲ.

ನಿನ್ನೆ ಮಧ್ಯಾಹ್ನ ನಾನು ಸಾಂಗ್ಲಿವಾಡಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ತುಳಸವ್ವ, ಗಂಡನನ್ನು ಮಾತಾಡಿಸಿಕೊಂಡು ಹೋಗಲು ಬಂದವಳೆಂದು ತಿಳಿದು ನನ್ನನ್ನು ಒಳಗೆ ಕರೆದು ಕೂರಿಸಿದರು. ಕಲ್ಲಯ್ಯನವರು ಬಲಗಾಲು ಚಾಚಿ ಕುಳಿತಿದ್ದರು. "ಕಾಲು ಎತ್ತೇನಿ ಅಂತ ನನಗ ಅನಸೇತಿ ರುಕ್ಮವ್ವಾ. ಆದರ ಅದು ಎದ್ದಿಲ್ಲ. ಇನ್ನ ನನ್ನ ಕಾಲಿನ ಮ್ಯಾಲ ನನಗ ಭರವಸಾ ಇಲ್ಲ" ಎಂದರು. ಸಂಡಾಸಿಗೆ ಹೋಗುವಾಗಲೂ ಅವರು ಗೋಡೆ ಹಿಡಿದು ಹೋಗುತ್ತಾರೆ, ಸೈಕಲ್ಲನ್ನೂ ಮಾರಿಬಿಟ್ಟರು ಎಂದು ತುಳಸವ್ವ ಹೇಳಿದರು.

ಆಗ ನಾನು ಎಲ್ಲವನ್ನೂ ಹೇಳಿದೆ. ಕಲ್ಲಯ್ಯನವರು ಅರ್ಥವಾಗದೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಅಂದ್ರ ನನ್ನ ಕಾಲು ನೆಟ್ಟಗ ಐತೇನವಾ?" ಎಂದು ಕೇಳಿದರು. ಐತ್ರೀ ಕಾಕಾ ಎಂದೆ. ತುಳಸವ್ವ ನನ್ನನ್ನು ಎದ್ದು ಹೋಗೆಂದರು. ಕಲ್ಲಯ್ಯನವರು ಬೈಯಲಿಲ್ಲ. ನಾಳೆ ಮುಂಜಾನೆ ಮಿರಜಿನ ದವಾಖಾನೆಗೆ ಬಾ, ಹೌಸಾಬಾಯಿಗೆ ನೀನೇ ಹೇಳು ಎಂದಷ್ಟೇ ಅಂದರು.

ಇಂದು ಬೆಳಿಗ್ಗೆ ದವಾಖಾನೆಗೆ ಹೋದಾಗ ಕಲ್ಲಯ್ಯನವರು ವಾರ್ಡಿನ ಹೊರಗೆ ಕುಳಿತಿದ್ದರು. ಅವರು ಒಳಗೆ ಬರಲಿಲ್ಲ. ನಾನು ಒಬ್ಬಳೇ ಹೋಗಿ ಹೌಸಾಬಾಯಿಗೆ ನಡೆದದ್ದನ್ನು ಬರುವಷ್ಟು ಮರಾಠಿಯಲ್ಲಿ ಹೇಳಿದೆ. ಅವಳು ಮುಖದ ಮೇಲೆ ಸೆರಗು ಎಳೆದುಕೊಂಡಳು. ನಂತರ ಅವಳು ಮರಾಠಿಯಲ್ಲಿ ಹೇಳಿದ್ದೇನೆಂದರೆ, ಆ ಮುದುಕ ದಿನಾ ಬಂದು ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ, ತಾನು ದಿನಾ ಬಾಯಿಗೆ ಬಂದಂತೆ ಬೈದು, ನಿನ್ನ ಕಾಲು ಸೇದಿಹೋಗಲಿ ಎಂದು ಶಪಿಸಿ ಕಳಿಸುತ್ತಿದ್ದೆ, ಅವನು ಆಗಲಿ ತಾಯಿ ಎಂದು ಹೋಗುತ್ತಿದ್ದ ಎಂಬುದಾಗಿ. ಅವರನ್ನು ಒಳಗೆ ಕರೆ ಎಂದಳು. ನಾನು ಹೊರಗೆ ಬಂದು ಕರೆದೆ. ಅವರು ಗೋಡೆ ಹಿಡಿಯದೆ ಎದ್ದು ಒಳಗೆ ಹೋದರು. ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಅಲ್ಲಿಂದ ನೇರವಾಗಿ ಠಾಣೆಗೆ ಬಂದಿದ್ದೇನೆ.

ಮೇಲೆ ಬರೆದದ್ದನ್ನು ಹವಾಲ್ದಾರರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ನನ್ನನ್ನು ಉಳಿಸಿಕೊಳ್ಳಲು ಸೇರಿಸಿದ ಮಾತು ಇದರಲ್ಲಿ ಒಂದೂ ಇಲ್ಲ.

ಸ್ಥಳ: ಮಿರಜ
ದಿನಾಂಕ: 25-11-1996
ಸಹಿ: ರುಕ್ಮವ್ವ ಲಗಮಣ್ಣ ಕಾಂಬಳೆ