ಇಪ್ಪತ್ತು ಕಿಲೋ ಹೊಟ್ಟೆಕಿಚ್ಚು

ಹಲೋ… ಹಲೋ, ಯಾರ್ರಿ ಮಾತಾಡೋದು? ರಿಗ್ಗೈದಾಗಿನ ರಾಜೀವ್ ಡಾಕ್ಟ್ರ ಮನಿ ಹೌದಲ್ರಿ ಇದು?…

ಹಾಂ, ಅನಸೂಯಮ್ಮಾರಾ. ನಮಸ್ಕಾರ್ರಿ ಅಮ್ಮಾರ. ನಾ ಮಲಕಾಜಪ್ಪರಿ, ವಫ್ರಾ ಫಾರ್ಮಿನಿಂದ. ನಿಮ್ಮ ಮಗ ಡಾಕ್ಟ್ರಾಗಿರೋ ಫಾರ್ಮಿನ್ಯಾಗ ದನ ನೋಡಕೋತಾನಲ್ಲ, ಅಂವ. ಡಾಕ್ಟ್ರು ಮನ್ಯಾಗ ಅದಾರೇನ್ರಿ?…

ಊಟಕ್ಕ ಕುಂತಾರಾ… ಗೊತ್ತದರಿ, ಶುಕ್ರವಾರ ಒಂದ ದಿನ ಅವರಿಗೆ ಸೂಟಿ. ಆದ್ರ ಜರಾ ಎಬ್ಬಸ್ರಿ. ಇಳಿಹೊತ್ತಿನ ಅಸರ್ ನಮಾಜ್ ಆಗೋದ್ರಾಗ ನಾ ಅವರ ಕೂಡ ಮಾತಾಡಬೇಕು…

ಏನಂದ್ರಿ? ನನ್ನ ಬಗ್ಗೆ ಹೇಳ್ತಾರಾ, ಮನ್ಯಾಗ?… ಮಲಕಾಜಪ್ಪನೋರು ಬರದದ್ದನ್ನ ಕಣ್ಣ ಮುಚ್ಚಿ ನಂಬಬಹುದು ಅಂತಾರಾ… ಹಾಂ… ಇರ್ಲಿ ಬಿಡ್ರಿ ಅಮ್ಮಾರ. ನೀವು ಅವರನ್ನ ಕರೀರಿ. ಕೈ ತೊಳಕೊಂಡ ಬರ್ಲಿ, ನಾ ಹಿಡಕೊಂಡಿರ್ತೀನಿ…

ಹಸೈನಾರ್ ಭಾಯಿ, ಲಾರಿ ಹಿಂದ ತಗೊಂಡ ನಿಲ್ಸು, ಆದ್ರ ಆಕಳ ಹತ್ತಿಸಬ್ಯಾಡ. ರುಕೋ ಜರಾ. ಫೋನಿನ್ಯಾಗ ಅದೀನಿ, ಕಾಣವಲ್ದಾ?…

ಹಾಂ, ಡಾಕ್ಟ್ರ. ನಮಸ್ಕಾರ್ರಿ… ಇಲ್ರಿ, ಯಾವುದೂ ಈಯಾಕ ಕುಂತಿಲ್ಲ, ಯಾವುದಕ್ಕೂ ಹೊಟ್ಟಿ ಉಬ್ಬಿಲ್ಲ. ದನ ಎಲ್ಲಾ ಛಲೋ ಅವ. ಲಾರಿ ಬಂದದರಿ… ಹೌದು, ಅದ ಲಾರಿ. ಮುಂಜಾನಿ ಧಣಿ ಬೂ ನಾಸರ್ ತಾವ ಬಂದು ನಿಮ್ಮ ಕಂಪ್ಯೂಟರಿನ ಪಟ್ಟಿ ನನ್ನ ಕೈಯಾಗ ಇಟ್ಟ ಹೋದ್ರು. ಹನ್ನೊಂದು ನಂಬರ್. ಈ ಸಲ ಹಗರ ಕರ ಸಾಕಿದ ತಾಯಿಗಳು, ಇವತ್ತ ಕಸಾಯಿಖಾನಿಗೆ ಕಳಸು, ಖಲಾಸ್, ಅಂದ್ರು. ವೀಸಾ ಕೊಟ್ಟ ಕಫೀಲ್ ಮಾತು, ನಾ ಏನ್ ಅನ್ಲಿ…

ಪಟ್ಟಿ ಓದಿದೆ. ಮೂವತ್ತೊಂದು ಅದ ಅದರಾಗ… ಹೌದ್ರಿ, ಗೌರಿ…

ಅಲ್ರಿ, ಅಳಾಕ ಫೋನ್ ಮಾಡಿಲ್ಲ ನಾ. ಈ ಅರಬರ ನಾಡಿನ್ಯಾಗ ಹದಿಮೂರ ವರ್ಷ ಮಾಂಸದ ದನ ಸಾಕೀನಿ, ಎಷ್ಟ ಲಾರಿ ಹೋಗಿದ್ದು ನೋಡಿಲ್ಲ? ಯಾವ ಆಕಳ ಹಾಲು ಕರಕ್ಕ ಸಾಲೋದಿಲ್ಲ, ಅದು ಹೋಗಬೇಕು. ನೀವು ಬರೂಕಿಂತ ಮೊದಲೂ ಹಂಗ ಮಾಡ್ತಿದ್ವಿ, ಕಣ್ಣಲೆ ನೋಡಿ. ಆದ್ರ ಡಾಕ್ಟ್ರ, ಈ ಹನ್ನೊಂದು ಕೆಟ್ಟ ಆಕಳಲ್ಲ. ಇದ್ದ ನಲವತ್ತರಾಗ ಇವ ಛಲೋ ಆಕಳ…

ಇಲ್ಲ, ನಿಮ್ಮ ಕಂಪ್ಯೂಟರ್ ತಪ್ಪಿಲ್ಲ. ಅದಕ್ಕೇನು, ಹಾಕಿದ್ದನ್ನ ಕೂಡಸ್ತದ, ಕಳೀತದ… ನೀವು ಕುಂತೀರೋ ನಿಂತೀರೋ? ಕೂಡ್ರಿ ಮೊದಲ…

ಹೇಳ್ತೀನಿ, ಸಾವಕಾಶ ಹೇಳ್ತೀನಿ. ಎರಡು ವರ್ಷದ ಹಿಂದ ನೀವು ಹೊಸ ಹೋರಿ ತಂದ್ರಿ, ಏಳನೇ ನಂಬರಿಂದು. ಛಲೋ ಆಕಳೆಲ್ಲಾ ಆರಿಸಿ ಅದಕ್ಕ ಬಿಟ್ರಿ. ಉಳಿದವು ನಮ್ಮ ಹಳೇ ಹೋರಿ ಬಸಣ್ಣಗ… ಹೌದ್ರಿ, ಲೆಕ್ಕ ಸರೀನ ಇತ್ತು, ನಾ ಎಲ್ಲಿ ಇಲ್ಲಂದೆ. ಬಸಣ್ಣನ ಹೆಣ್ಣ ಕರಗಳಿಗೆ ಬಸಣ್ಣನ್ನ ಬಿಟ್ಟ ಬಿಟ್ಟ, ಹುಟ್ಟೋ ಕರ ಸಣ್ಣ ಆಗಾಕತ್ತಿದ್ವು. ಯಾವುದು ಯಾರ ಮಗಳು ಅನ್ನೋದು ನನ್ನ ತಲ್ಯಾಗ ಅಷ್ಟ ಇತ್ತು. ನೀವು ಕಿವಿಗೆ ನಂಬರ್ ಹಾಕಿಸಿದ್ರಿ, ರಜಿಸ್ಟರ್ ತಂದ್ರಿ. ಹುಟ್ಟಿದ ದಿನ, ತಂದಿ, ತಾಯಿ, ಏಳ ತಿಂಗಳಿಗೆ ಕರದ ತೂಕ. ತೂಗೋದು, ಬರಿಯೋದು ನನಗ ಒಪ್ಪಸಿದ್ರಿ…

ಅದನ್ನ ಹೇಳಾಕ ಹತ್ತೀನಿ. ಹೋದ ತಿಂಗಳು ಕರ ತೂಗಿದ್ನಲ್ಲ… ಏಳನೇ ನಂಬರ್ ಹೋರಿದು ಯಾವ ಕರ ತಕ್ಕಡಿ ಹತ್ತಿದ್ರೂ, ನಾ ಇಪ್ಪತ್ತು ಕಿಲೋ ಕಡಿಮಿ ಬರದೆ…

ಹೂಂ, ಇಪ್ಪತ್ತು ಕಿಲೋ ಅಂದೆ…

ಇಲ್ಲ, ತಕ್ಕಡಿ ಕೆಟ್ಟಿರಲಿಲ್ಲ. ನಾ ಕೆಟ್ಟಿದ್ದೆ… ಹನ್ನೊಂದಕ್ಕೂ. ಒಂದೂ ಬಿಟ್ಟಿಲ್ಲ. ಬಸಣ್ಣನ ಕರದ ತೂಕ ಇದ್ದಂಗ ಬರದೆ…

ಯಾಕಂತ ಕೇಳ್ತೀರಾ?… ಹೊಟ್ಟಿಕಿಚ್ಚರಿ. ಬ್ಯಾರೆ ಏನೂ ಇಲ್ಲ…

ನೀವು ಏನೂ ಮಾಡಿಲ್ಲ, ಅದ ಸಿಟ್ಟು ನನಗ. ನನಕಿಂತ ಹದಿನೈದ ವರ್ಷ ಸಣ್ಣವರು, ಒಂದ ದಿನ ದನಿ ಏರಿಸಿಲ್ಲ. ಮಲಕಾಜಪ್ಪನೋರೆ, ಮಲಕಾಜಪ್ಪನೋರೆ, ಅಂತ ನಿಮ್ಮ ಮೈಸೂರು ಮಾತಿನ್ಯಾಗ ಬೆಣ್ಣಿ ಹಚ್ಚಿದಂಗ. ಜಗಳಾಡೋಣಂದ್ರ ಒಂದು ನೆಪಾನೂ ಕೊಡ್ಲಿಲ್ಲ ನೀವು…

ಬಸಣ್ಣನ್ನ ನಾ ಬಾಟ್ಲಿ ಹಾಲಿನಿಂದ ಬೆಳಸೀನಿ, ಗೊತ್ತೇನ್ರಿ ನಿಮಗ? ತಾಯಿ ಸತ್ತಿತ್ತು ಅದಕ್ಕ. ಹತ್ತ ವರ್ಷ ಬೂ ನಾಸರ್ ನನ್ನ ಭುಜದ ಮ್ಯಾಲೆ ಕೈ ಇಟ್ಟು ಕೇಳ್ತಿದ್ರು, ಮಲಕ್, ಯಾವುದು ಇಡೋಣ, ಯಾವುದು ಕಳಸೋಣ, ಅಂತ. ಈಗ ನನ್ನ ಮುಂದ ನಿಂತು, ದಕ್ತೂರ್ ಏನಂದ, ಅಂತ ಕೇಳ್ತಾರ. ನನ್ನ ಕೇಳೋದು, ನೀವು ಏನಂದ್ರಿ ಅಂತ…

ಇನ್ನ ಆ ಫೋಟೋ. ಹೋದ ಚಳಿಗಾಲದಾಗ ಏಳನೇ ನಂಬರಿಗೆ ಬಹುಮಾನ ಬಂತಲ್ಲ, ಅವತ್ತಿಂದು. ಗೆದ್ದ ಕಪ್ ನಿಮ್ಮ ಕೈಯಾಗ, ನಡುವ ಬೂ ನಾಸರ್, ಈಚೀಗೆ ಹೋರಿ. ಹಗ್ಗ ಹಿಡದಾಂವ ನಾನು. ಅದರಾಗ ನನ್ನ ಮುಂಗೈ ಅಷ್ಟ ಬಂದದ, ಅದರ ಮುಂದ ಚೌಕಟ್ಟು. ಮಂದಿ ಕೂಡೋ ದಿವಾನಿಯಾದ ಗ್ವಾಡಿಗೆ ತೂಗ ಹಾಕ್ಯಾರ, ಚಾ ಒಯ್ದಾಗೆಲ್ಲ ನೋಡತೀನಿ. ಊರಿಗೂ ಒಂದು ಕಳಿಸಿದ್ದೆ, ನಮ್ಮ ಮನಿಯಾಕಿ ಶಾರದವ್ವಗ. ಇದರಾಗ ನೀವು ಎಲ್ಲದೀರಿ ಅಂತ ಕೇಳಿದ್ಲು. ವಾಚ್ ನೋಡಿ ಗುರತ ಹಿಡಿ ಅಂದೆ…

ನಗಬ್ಯಾಡ್ರಿ… ನಗಲಿಲ್ಲಾ? ನಕ್ಕಂಗ ಕೇಳಸ್ತು…

ನಾ ಏನ್ ತಿಳದಿದ್ದೆ ಹೇಳ್ಲಿ? ತೂಕ ಹೋರಿ ಹೆಸರಿಗೆ ಹೋಗ್ತದ ಅಂತ. ಏಳನೇ ನಂಬರಿನ ಸಂತಾನ ಸುಮಾರು ಅಂತ ಬರ್ತದ, ಬೂ ನಾಸರ್ ಮಾರಿ ಸಣ್ಣ ಮಾಡ್ತಾರ, ನೀವು ಎರಡ ದಿನ ಸುಮ್ಮ ಕೂಡ್ತೀರಿ. ಅಷ್ಟ ಬೇಕಾಗಿತ್ತು ನನಗ. ಅದ ತೂಕ ತಾಯಿ ಹೆಸರಿಗೂ ಹೋಗ್ತದ ಅಂತ ಹೊಳೀಲೇ ಇಲ್ರಿ. ತಾಯಿ ನಂಬರ್ ಬರದಾಂವ ನಾನ, ನನ್ನ ಕೈಲೆ ಬರದೀನಿ, ಹನ್ನೊಂದೂ ಸಾಲು. ಏನರೆ ಅನ್ರಿ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು. ಹೋರಿಗೆ ನೀವು ಇನ್ನೊಂದ ವರ್ಷ ಕೊಟ್ಟೀರಿ. ಈ ತಾಯಿಗಳಿಗೆ ಲಾರಿ ಬಂತು…

ಖರೆ ತೂಕಾ? ನೆನಪವ. ಬರ್ಕೋರಿ ಬೇಕಾದ್ರ. ಗೌರಿ ಕರ, ರಜಿಸ್ಟರಿನ್ಯಾಗ ನೂರಾ ತೊಂಬತ್ತಾರು, ಖರೆ ಇನ್ನೂರ ಹದಿನಾರು. ಹನ್ನೆರಡರ ಕರ, ನೂರಾ ತೊಂಬತ್ತೊಂದಲ್ಲ, ಇನ್ನೂರ ಹನ್ನೊಂದು… ಹೂಂ, ಸುಮ್ಮ ಎಲ್ಲಾಕೂ ಇಪ್ಪತ್ತು ಕೂಡಸ್ರಿ, ಸರಿ ಆಗ್ತದ. ನಂಬಿಕಿ ಬರದಿದ್ರ ನಾಳೆ ನೀವ ಬಂದು ಎರಡೂ ಗುಂಪಿನ ಕರ ಮತ್ತ ತೂಗ್ರಿ. ಪಕ್ಕದಾಗ ನಿಂದರಿಸಿದ್ರ ಕಣ್ಣಿಗೇ ಕಾಣ್ತದ…

ಬಸಣ್ಣನವಾ? ಇನ್ನೂರು, ಇನ್ನೂರ ಐದು… ಹೌದು. ಏಳನೇ ನಂಬರಿನವು ಹೆಚ್ಚು… ಹೆಚ್ಚು ಅಂದೆನ್ರಿ. ನಿಮ್ಮ ಹೋರಿ ಕರ ನನ್ನ ಹೋರಿ ಕರಕ್ಕಿಂತ ಛಲೋ ಅವ. ಎಷ್ಟ ಸಲ ಹೇಳಸ್ತೀರಿ ನನ್ನ ಬಾಯಿಲೆ…

ಒಂದ ನಿಮಿಷ… ಏ ಹಸೈನಾರ್, ಬ್ಯಾಡಂದ್ರೂ ಯಾಕ ಹತ್ತಸ್ತಿ? ಇಳಸು. ಹಾಂ, ಅದನ್ನೂ ಇಳಸು. ಕಫೀಲ್ ಬೈದ್ರ ನನಗ ಬೈಲಿ, ನಿನಗ ಯಾಕ ಚಿಂತಿ…

ಎರಡು ಹತ್ತಿದ್ವು ಡಾಕ್ಟ್ರ. ಗೌರಿ ಮತ್ತ ಹನ್ನೆರಡು. ಗೌರಿಗೇನು, ಮುಂದ ನಾ ಕಂಡ್ರ ಸಾಕು, ತಾನ ಹತ್ತಿ ನಿಂದರ್ತದ. ನಾ ಇಲ್ಲೇ ಲಾರಿ ಕಡೆ ಅದೀನಲ್ಲ… ಇಳಿಸ್ಲಿಕತ್ತಾನ. ಆದ್ರ ಹಸೈನಾರ್ ಎಷ್ಟೊತ್ತ ಕೇಳ್ತಾನ ನನ್ನ ಮಾತು? ಅವನಿಗೂ ಕೆಲಸ ಉಳೀಬೇಕಲ್ಲ. ಬೂ ನಾಸರ್ ಬಾಯಿಂದ ಬರಬೇಕು. ನನ್ನ ಮಾತಿಗೆ ಅವರು ಲಾರಿ ತಿರುಗಸಂಗಿಲ್ಲ, ನಿಮ್ಮ ಮಾತಿಗೆ ತಿರುಗಸ್ತಾರ. ನೋಡ್ರಿ, ಅದಕ್ಕೂ ನೀವ ಬೇಕು…

ಈಗ ಮಾಡ್ತೀರಾ ಅವರಿಗೆ ಫೋನು? ಮಾಡ್ರಿ, ಈಗ ಮಾಡ್ರಿ, ನಮಾಜಿಗೆ ಹೋಗೋದ್ರಾಗ… ಏನಂತ ಹೇಳ್ತೀರಿ?…

ಯಾರು ತಪ್ಪ ಹೊಡದಾರಂತ? ನೀವಾ? ಕಂಪ್ಯೂಟರಿನ್ಯಾಗ ನೀವ ನಂಬರ್ ತಪ್ಪ ಹೊಡದೀರಂತ ಹೇಳ್ತೀರಾ?… ಯಾಕ್ರಿ?…

ನನ್ನ ಇಕಾಮಾ, ಇಲ್ಲಿರೋ ಪರ್ಮಿಟ್ಟು, ಮುಂದಿನ ತಿಂಗಳ ಮುಗೀತದ, ಗೊತ್ತದರಿ. ಬೂ ನಾಸರ್ ಸಹಿ ಹಾಕಿದ್ರ ಉಂಟು, ಇಲ್ಲಾಂದ್ರ ಊರು. ಅದೂ ಗೊತ್ತದ. ಐವತ್ತೆರಡ ವರ್ಷದಾಂವಗ ಮತ್ಯಾರು ವೀಸಾ ಕೊಡ್ತಾರ, ಅದೂ ನನಗ ಗೊತ್ತದ. ಫೋನ್ ಎತ್ತೋ ಮೊದಲ ಎಲ್ಲಾ ವಿಚಾರ ಮಾಡೀನಿ…

ಬ್ಯಾಡ್ರಿ… ಬ್ಯಾಡಂದ್ರ ಬ್ಯಾಡ. ನೀವು ತಪ್ಪ ಮಾಡೀನಂದ್ರ ಬೂ ನಾಸರ್ ಏನ್ ಮಾಡ್ತಾರ ಹೇಳ್ಲಾ? ನಗ್ತಾರ. ದಕ್ತೂರ್ ಎಷ್ಟ ದೊಡ್ಡ ಮನಸಿನಾಂವ, ತನ್ನ ತಪ್ಪು ತಾನ ಒಪ್ಪಿಕೊಂಡ, ಅಂತ ದಿವಾನಿಯಾಕ್ಕ ಬಂದವರಿಗೆಲ್ಲ ಹೇಳ್ತಾರ. ಮುಂದ ನಾ ಚಾ ಹಿಡಕೊಂಡ ನಿಂತು ಅದನ್ನ ಕೇಳಬೇಕು. ಆಗೋದಿಲ್ರಿ ನನ್ನ ಕೈಲೆ…

ಡಾಕ್ಟ್ರ, ಕೈ ಮುಗೀತೀನಿ, ದೊಡ್ಡವರಾಗಬ್ಯಾಡ್ರಿ. ಹೋರಿ ನಿಮ್ಮದು, ರಜಿಸ್ಟರ್ ನಿಮ್ಮದು, ಇರ್ಲಿ. ಈ ತಪ್ಪು ನಂದು. ಹದಿಮೂರ ವರ್ಷದಾಗ ಈ ಫಾರ್ಮಿನ್ಯಾಗ ನನ್ನ ಹೆಸರಿಗೆ ಏನೂ ಬರದಿಲ್ಲ, ಇದನ್ನರೆ ನನ್ನ ಹೆಸರಿಗೆ ಬಿಡ್ರಿ. ಮಲಕಾಜಪ್ಪ ಮಾಡ್ದ ಅಂತ ಹೇಳ್ರಿ ಅವರಿಗೆ…

ಹಲೋ?… ಡಾಕ್ಟ್ರ, ನನ್ನ ಹೆಸರು ಹೇಳ್ರಿ ಅಂದೆ. ಕೇಳಸ್ತೇನ್ರಿ? ನನ್ನ ಹೆಸರು… ಹಲೋ?… ಅವರಿಗೆ ಹಚ್ಚಾಕ ಇಟ್ಟ ಬಿಟ್ರಾ?… ಹಲೋ…