12-06ಕ್ಕೆ ನಿಂತ ಕಂಪ್ಯೂಟರ್ ಮತ್ತು ನನ್ನ ತಮ್ಮ ಸುಭಾಸ ಸಿಕ್ಕ ಬಗ್ಗೆ ಪುರವಣಿ ಹೇಳಿಕೆ

ನನ್ನ ಹೆಸರು ಮಲ್ಲಿಕಾ ಕೋಂ ಸೋಮಪ್ಪ ಹುಣಸಿಮರದ, ವಯಸ್ಸು 46 ವರ್ಷ, ಉದ್ಯೋಗ: ಶಾಲೆಯಲ್ಲಿ ಬಿಸಿಯೂಟದ ಅಡುಗೆ, ಸಾ: ಯರಗುಪ್ಪಿ, ತಾ: ಕುಂದಗೋಳ, ಜಿ: ಧಾರವಾಡ. ನನ್ನ ತಮ್ಮ ಕಾಣೆಯಾದ ಬಗ್ಗೆ ನಾನು ದಿನಾಂಕ 17-04-2025 ರಂದು ಫಿರ್ಯಾದಿ ಕೊಟ್ಟಿದ್ದು, ಈ ದಿವಸ ದಿನಾಂಕ 20-04-2025 ರಂದು ಬೆಳಿಗ್ಗೆ 10-30ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ, ಈ ಮೂಲಕ ಮುಂದುವರಿಸಿ ತಿಳಿಸುವುದೇನೆಂದರೆ:

ನನ್ನ ತಮ್ಮ ಸುಭಾಸನಿಗೆ 39 ವರ್ಷ. ಅವನಿಗೆ ಕಿವಿ ಕೇಳಿಸುತ್ತದೆ, ಹುಟ್ಟಿನಿಂದಲೂ ಮಾತು ಬರುವುದಿಲ್ಲ. ಮೂರ್ಛೆ ರೋಗವಿದೆ. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ ಮತ್ತು ರಾತ್ರಿ 10ಕ್ಕೆ ಗುಳಿಗೆ ತಪ್ಪುವಂತಿಲ್ಲ. ತಾಯಿ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಿಂದ ಅವನು ನನ್ನ ಹತ್ತಿರವೇ ಇದ್ದಾನೆ. ಹದಿನಾಲ್ಕು ವರ್ಷಗಳಲ್ಲಿ ಒಂದು ಹೊತ್ತಿನ ಗುಳಿಗೆಯೂ ತಪ್ಪಿರಲಿಲ್ಲ.

ದಿನಾಂಕ 17ರಂದು ಅವನನ್ನು ಕುಂದಗೋಳಕ್ಕೆ ಡಾಕ್ಟರರಿಗೆ ತೋರಿಸುವುದಿತ್ತು. ಬೆಳಿಗ್ಗೆ 10-40ಕ್ಕೆ ನಮ್ಮೂರಿನ ಪ್ರಭು ಎಂಬವನ ಬಿಳಿ ಟೆಂಪೋದಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ನಾನು ಸುಭಾಸನನ್ನು ಅದರಲ್ಲಿ ಕೂಡಿಸಿ, ಹಿಂದೆ ಬರುವ ಬಸ್ಸಿಗೆ ಬರುತ್ತೇನೆ, ನಾನು ಬರುವತನಕ ಬಸ್‌ಸ್ಟ್ಯಾಂಡಿನಲ್ಲಿ ಅವನ ಜೊತೆ ಇರು ಎಂದು ಪ್ರಭುವಿಗೆ ಹೇಳಿದೆನು. ಮಧ್ಯಾಹ್ನದ ಗುಳಿಗೆ ನನ್ನ ಚೀಲದಲ್ಲಿಯೇ ಉಳಿಯಿತು. ನಾನು ಹತ್ತಿದ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ 50 ನಿಮಿಷ ನಿಂತಿತು. ಆ ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ.

ನಾನು 12-20ಕ್ಕೆ ಕುಂದಗೋಳ ತಲುಪಿದಾಗ ಬಸ್‌ಸ್ಟ್ಯಾಂಡಿನಲ್ಲಿ ಸುಭಾಸನೂ ಇರಲಿಲ್ಲ, ಪ್ರಭುವೂ ಇರಲಿಲ್ಲ. ಕಬ್ಬಿನ ಹಾಲಿನ ಅಂಗಡಿಯವರನ್ನು ಕೇಳಲಾಗಿ, ಅಂಥ ಒಬ್ಬ ಮನುಷ್ಯ ಬಿಳಿ ಟೆಂಪೋ ಹತ್ತಿ ಹೋದುದನ್ನು ನೋಡಿದ್ದಾಗಿ ತಿಳಿಸಿದರು. ನಾನು ಪ್ರಭುವಿಗೆ ಫೋನ್ ಮಾಡಿದೆನು. ತಾನು ಸುಭಾಸನನ್ನು ಅಲ್ಲಿಯೇ ಕೂಡಿಸಿದ್ದು, ಅರ್ಧ ತಾಸು ಕಾದು, ಬಾಡಿಗೆಯವರು ಕರೆದಿದ್ದಕ್ಕೆ 11-52ಕ್ಕೆ ಹೊರಟಿದ್ದಾಗಿ ಹೇಳಿದನು. ನಾನು ನಂಬಲಿಲ್ಲ. ತಾಸು ಹೊತ್ತು ಹುಡುಕಿ, 1-15ಕ್ಕೆ ಠಾಣೆಗೆ ಬಂದು ಪ್ರಭುವಿನ ಮೇಲೆ ಸಂಶಯವಿದೆ ಎಂದು ಬರೆಸಿದೆನು. 1-40ಕ್ಕೆ ಅವನು ತಾನೇ ಟೆಂಪೋ ತೆಗೆದುಕೊಂಡು ಠಾಣೆಗೆ ಬಂದನು. ನಾನು ಎಲ್ಲರ ಎದುರಿಗೆ ಅವನ ಅಂಗಿಯ ಕಾಲರ್ ಹಿಡಿದು, "ಮಾತ ಬರಲಾರದಾಂವನ್ನ ಎಲ್ಲಿ ಒಗದ ಬಂದಿಯೋ?" ಎಂದು ಕೇಳಿದೆನು. ಅಂಗಿಯ ಎರಡು ಗುಂಡಿ ಕಿತ್ತುಹೋದವು. ಅವನು ನನ್ನ ಕೈ ಬಿಡಿಸಲಿಲ್ಲ. "ಅಕ್ಕಾ, ಅಲ್ಲೇ ಕುಂದ್ರಿಸಿದ್ದೆ" ಎಂದಷ್ಟೇ ಅಂದನು.

ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳವರು ಕೂಡಿ ಕ್ಯಾಮರಾ ಹಾಕಿಸಿದ್ದು, ಅವುಗಳ ಚಿತ್ರ 60 ಮೀಟರ್ ದೂರದ ತಮನ್ನಾ ಅಬ್ದುಲಗನಿ ಎಂಬವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಜಮಾ ಆಗುತ್ತದೆ. ಹವಾಲ್ದಾರ ಗೌರೀಶ ಅವರು ನನ್ನನ್ನೂ ಪ್ರಭುವನ್ನೂ ಕರೆದುಕೊಂಡು 1-50ಕ್ಕೆ ಅಲ್ಲಿಗೆ ಹೋದರು. ತಮನ್ನಾ ಅವರಿಗೆ ಸುಮಾರು 28 ವರ್ಷ. ಅಂಗಡಿಯಲ್ಲಿ ಆಗಷ್ಟೇ ಕರೆಂಟು ಹೋಗಿತ್ತು. ಕಂಪ್ಯೂಟರ್ ಯುಪಿಎಸ್ ಬ್ಯಾಟರಿಯ ಮೇಲೆ ನಡೆದಿತ್ತು. ಪರದೆಯ ಮೇಲೆ ಬಸ್‌ಸ್ಟ್ಯಾಂಡಿನ ಚಿತ್ರವಿತ್ತು, ಆದರೆ ಚಿತ್ರದಲ್ಲಿ ಯಾರೂ ಅಲ್ಲಾಡುತ್ತಿರಲಿಲ್ಲ. ಮೂಲೆಯಲ್ಲಿ ವೇಳೆ 12-06 ಎಂದು ಇತ್ತು.

ಹವಾಲ್ದಾರರು, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದರು. ತಮನ್ನಾ ಅವರು ಸ್ವಿಚ್ಚಿನ ಮೇಲೆ ತಮ್ಮ ಅಂಗೈ ಮುಚ್ಚಿ, "ಕೈ ಹಚ್ಚಬ್ಯಾಡ್ರಿ ಸರ, ಬಂದ್ ಆದ್ರ ನಿಮಗ ಬೇಕಾದ ತಾಸು ಪೂರ್ತಿ ಹೋಗಿಬಿಡ್ತೈತಿ" ಎಂದರು. ನಂತರ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕ್ಯಾಮರಾದ ಸಾಫ್ಟ್‌ವೇರ್ ಹಳೆಯದಿದ್ದು ಈಗಿನ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಅವರು ಈ ಕಂಪ್ಯೂಟರಿನ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಹಳೇ ಕಂಪ್ಯೂಟರ್ ಮಾಡಿ ಇಟ್ಟಿದ್ದಾರೆ, ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಅದು ಕ್ಯಾಮರಾದ ಚಿತ್ರಗಳನ್ನು ಹಿಂದಿನ ಕೋಣೆಯಲ್ಲಿರುವ ಡಿಸ್ಕಿನ ಪೆಟ್ಟಿಗೆಗೆ ಕೇಬಲ್ ಮುಖಾಂತರ ಕಳಿಸುತ್ತದೆ. ಆ ದಿನ 11-10ಕ್ಕೆ ಕರೆಂಟು ಜಾಸ್ತಿ ಬಂದು ಆ ಪೆಟ್ಟಿಗೆ ಸುಟ್ಟಿತ್ತು. ಕಳಿಸಿದ್ದು ಮುಟ್ಟಿತು ಎಂಬ ಉತ್ತರ ಬಾರದ್ದರಿಂದ ಅದು ಚಿತ್ರಗಳನ್ನೆಲ್ಲ ತನ್ನ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತ ಹೋಗಿ, ಜಾಗ ತುಂಬಿದ ಮೇಲೆ 12-06ಕ್ಕೆ ನಿಂತುಬಿಟ್ಟಿತ್ತು. ಅಂದರೆ 11-10ರಿಂದ 12-06ರವರೆಗಿನ ಚಿತ್ರ ಆ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ.

ನಾನು, ಅದು ಸತ್ತಿದೆಯೇ ಎಂದು ಕೇಳಿದೆನು. ತಮನ್ನಾ ಅವರು, "ಸತ್ತಿಲ್ರಿ ಅಕ್ಕಾರ. ಉತ್ತರಾ ಬರೂ ತನಕಾ ಕಾಯಾಕತ್ತೈತಿ" ಎಂದರು.

ಸುಟ್ಟ ಪೆಟ್ಟಿಗೆಯೊಳಗಿನ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಅವುಗಳನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿ, ಅದಕ್ಕೆ ಮೊದಲಿನದೇ ಹೆಸರು, ಮೊದಲಿನದೇ ನಂಬರು ಕೊಟ್ಟರೆ, ಕಾಯುತ್ತಿರುವ ಸಾಫ್ಟ್‌ವೇರ್ ತನ್ನ ಹಳೆಯ ಪೆಟ್ಟಿಗೆಯೇ ಮರಳಿ ಬಂತೆಂದು ತಿಳಿದು ಮುಂದುವರಿಯಬಹುದು ಎಂದು ಅವರು ಹೇಳಿದರು. ಅದಕ್ಕೆ ಒಂದು ತಾಸು ಬೇಕಿತ್ತು. ಯುಪಿಎಸ್ ಬ್ಯಾಟರಿ 20 ನಿಮಿಷಕ್ಕಿಂತ ಹೆಚ್ಚು ಬರುವಂತಿರಲಿಲ್ಲ. ಆಗ ವೇಳೆ 2-00 ಆಗಿತ್ತು. ಅದು ಸುಭಾಸನ ಗುಳಿಗೆಯ ವೇಳೆ. ನಾನು ಗುಳಿಗೆಯನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆನು. ಯಾಕೆ ಹಿಡಿದುಕೊಂಡೆನೋ ಗೊತ್ತಿಲ್ಲ.

ಬಾಗಿಲ ಬಾಜು ನಿಂತಿದ್ದ ಪ್ರಭು ಆಗ, "ನನ್ನ ಗಾಡಿ ಬ್ಯಾಟರಿ ನಡೀತೈತೇನ ನೋಡವಾ ತಂಗಿ" ಎಂದನು. ತಮನ್ನಾ ಅವರು ನಡೆಯುತ್ತದೆ ಎಂದರು. ಸಂಶಯದ ಕಾರಣ ಠಾಣೆಯಲ್ಲಿ ತೆಗೆದಿಟ್ಟುಕೊಂಡಿದ್ದರಿಂದ ಟೆಂಪೋದ ಚಾವಿ ಪೊಲೀಸರ ಹತ್ತಿರವಿತ್ತು. ಹವಾಲ್ದಾರರು ಸಾಹೇಬರಿಗೆ ಫೋನ್ ಮಾಡಿ ಅನುಮತಿ ಪಡೆದು ಚಾವಿ ಕೊಟ್ಟರು. ಪ್ರಭು ಬ್ಯಾಟರಿಯನ್ನು ಬಿಚ್ಚಿ, ಗುಂಡಿ ಇಲ್ಲದ ಅಂಗಿಗೆ ಒತ್ತಿ ಹಿಡಿದುಕೊಂಡು ಬಿಸಿಲಿನಲ್ಲಿ ಹೊತ್ತು ತಂದನು. 2-14ಕ್ಕೆ ಅದನ್ನು ಯುಪಿಎಸ್‌ಗೆ ಜೋಡಿಸಿದರು. ಪೆಟ್ಟಿಗೆ ಸಿದ್ಧವಾಗುವವರೆಗೂ ಅವನು ಆ ವಾಯರುಗಳನ್ನು ಕೈಯಿಂದ ಬಿಡದೆ ನೆಲದ ಮೇಲೆ ಕುಳಿತಿದ್ದನು. ಅಷ್ಟು ಹೊತ್ತೂ ನಾನು ಅವನಿಂದ ದೂರವೇ ನಿಂತಿದ್ದೆನು.

2-51ಕ್ಕೆ ತಮನ್ನಾ ಅವರು ಬೇರೆ ಪೆಟ್ಟಿಗೆಗೆ ಡಿಸ್ಕು ಹಾಕಿ ಕೇಬಲ್ ಚುಚ್ಚಿದರು. ಪರದೆ ಅಲ್ಲಾಡಲಿಲ್ಲ. ಸುಟ್ಟ ಪೆಟ್ಟಿಗೆಗೆ ಅಂಟಿಸಿದ್ದ ಮಸಿ ಹಿಡಿದ ಹಳೇ ಚೀಟಿಯ ಮೇಲಿನ ನಂಬರು ಓದುವುದರಲ್ಲಿ ತಾವು ತಪ್ಪಿರಬಹುದು ಎಂದರು. ಹವಾಲ್ದಾರರು ಇನ್ನು ಬಿಟ್ಟುಬಿಡೋಣವೇ ಎನ್ನಲು, ಅವರು ಬೇಡವೆಂದು, ಅದು ಇನ್ನೂ ಹಳೇ ಪೆಟ್ಟಿಗೆಯನ್ನು ಕೂಗುತ್ತಲೇ ಇರುತ್ತದೆ, ಯಾವ ನಂಬರು ಹಿಡಿದು ಕೂಗುತ್ತಿದೆ ಎಂಬುದನ್ನು ಕೇಬಲ್ಲಿನ ಮೇಲೆಯೇ ಕೇಳಿಸಿಕೊಳ್ಳಬಹುದು ಎಂದು ತಿಳಿಸಿ, ತಮ್ಮ ಲ್ಯಾಪ್‌ಟಾಪನ್ನು ನಡುವೆ ಜೋಡಿಸಿದರು. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಕೊನೆಯ ಅಂಕಿ ಒಂದು ಅಲ್ಲ, ಏಳು. ಅವರು ನಂಬರು ತಿದ್ದಿದರು. ನಾವು ನಾಲ್ವರೂ ಪರದೆಯ ಮೂಲೆಯನ್ನೇ ನೋಡುತ್ತ ನಿಂತೆವು. 3-07ಕ್ಕೆ, 12-06 ಇದ್ದದ್ದು 3-07 ಆಯಿತು, ಮತ್ತು ಬಸ್‌ಸ್ಟ್ಯಾಂಡಿನಲ್ಲಿ ಜನ ನಡೆದಾಡತೊಡಗಿದರು.

ತಮನ್ನಾ ಅವರು ಚಿತ್ರವನ್ನು ಹಿಂದಕ್ಕೆ ತಿರುಗಿಸಿ ತೋರಿಸಿದರು. ನಾನು ಕಣ್ಣಾರೆ ಕಂಡಿದ್ದು ಏನೆಂದರೆ: 11-25ಕ್ಕೆ ಪ್ರಭು ಸುಭಾಸನನ್ನು ಕೈ ಹಿಡಿದು ಇಳಿಸಿ ನೆರಳಿನಲ್ಲಿ ಕೂಡಿಸಿದನು. ಕಬ್ಬಿನ ಹಾಲು ತಂದು, ಸುಭಾಸ ಗ್ಲಾಸು ಚೆಲ್ಲುತ್ತಾನೆಂದು ತಾನೇ ಹಿಡಿದು ಕುಡಿಸಿದನು. ತನ್ನ ಟವೆಲಿನಿಂದ ಅವನ ಗದ್ದ ಒರೆಸಿದನು. ಏಳು ಸಲ ಎದ್ದುಹೋಗಿ ರಸ್ತೆಯ ಕಡೆ ನನ್ನ ಬಸ್ಸು ಬಂತೇ ಎಂದು ನೋಡಿದನು. 11-52ಕ್ಕೆ ಫೋನಿನಲ್ಲಿ ಮಾತನಾಡಿ, ಸುಭಾಸನಿಗೆ ಇಲ್ಲಿಯೇ ಕೂಡು ಎಂದು ಕೈಸನ್ನೆ ಮಾಡಿ ಹೋದನು. 11-58ಕ್ಕೆ ಬೇರೊಂದು ಬಿಳಿ ಪಿಕಪ್ ಗಾಡಿ ಬಂದು ನಿಂತಿತು. ಅದರ ಹಿಂದೆ ಖಾಲಿ ಗೋಣಿಚೀಲ ಮತ್ತು ಸರಕು ಮುಚ್ಚುವ ನೀಲಿ ತಾಡಪತ್ರಿ ಇದ್ದವು. ಸುಭಾಸ ಮನೆಯಲ್ಲಿಯೂ ಮಧ್ಯಾಹ್ನ ಚೀಲಗಳ ಮೇಲೆಯೇ ಮಲಗುವವನು. ಅವನು ಎದ್ದು ಹೋಗಿ, ಹಿಂದಿನಿಂದ ಹತ್ತಿ, ತಾಡಪತ್ರಿ ಎಳೆದುಕೊಂಡು ಮಲಗಿದನು. ಚಾಲಕ ಹಿಂದಕ್ಕೆ ನೋಡದೆ 12-01ಕ್ಕೆ ಗಾಡಿ ಬಿಟ್ಟನು. ಗಾಡಿಯ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು.

ಗಾಡಿಯ ಮಾಲೀಕರು ಸಂಶಿಯ ಶಂಭುಲಿಂಗಪ್ಪ ಎಂಬವರೆಂದು ಹವಾಲ್ದಾರರು 3-25ಕ್ಕೆ ಪತ್ತೆ ಹಚ್ಚಿ ಫೋನ್ ಮಾಡಿದರು. ಅವರು ಅಣ್ಣಿಗೇರಿಯಲ್ಲಿ ಮದುವೆಗೆ ಹೋಗಿದ್ದರು. ಗಾಡಿಯನ್ನು ಹೊಲದ ತಗಡಿನ ಗೋದಾಮಿನಲ್ಲಿ ನಿಲ್ಲಿಸಿ ಕೀಲಿ ಹಾಕಿದ್ದು, ಮರುದಿನ ಸಂಜೆ ತೆಗೆಯುವವರಿದ್ದರು. ಕೀಲಿ ಅವರ ತಾಯಿ ಕಸ್ತೂರೆವ್ವ ಅವರ ಹತ್ತಿರವಿತ್ತು. ನಾವು ಪೊಲೀಸ್ ಜೀಪಿನಲ್ಲಿ 3-50ಕ್ಕೆ ಗೋದಾಮು ತಲುಪುವಷ್ಟರಲ್ಲಿ ಮಗನ ಫೋನ್ ಬಂದ ಕೂಡಲೇ ಕಸ್ತೂರೆವ್ವ ಅವರು ಬರಿಗಾಲಿನಲ್ಲಿ ಓಡಿ ಬಂದು ಶಟರ್ ಎತ್ತಿದ್ದರು. ಸುಭಾಸನಿಗೆ ಮೂರ್ಛೆ ಬಂದು ಹೋಗಿತ್ತು. ತುಟಿ ಕಚ್ಚಿಕೊಂಡಿದ್ದನು, ಮೈ ಕೆಂಡದಂತಿತ್ತು. ಕಸ್ತೂರೆವ್ವ ಅವರು ಅವನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಹಸಿ ಮಾಡಿ ಒರೆಸುತ್ತ, "ಉಸರೈತಿ ಯವ್ವಾ, ಉಸರೈತಿ, ಅಳಬ್ಯಾಡ" ಎಂದರು. ಪ್ರಭು ಅವನನ್ನು ಎತ್ತಿ ಜೀಪಿಗೆ ಹಾಕಿದನು. 4-20ಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಇನ್ನೊಂದು ತಾಸು ಆ ತಗಡಿನ ಕೆಳಗೆ ಇದ್ದಿದ್ದರೆ ಜೀವದ ಖಾತ್ರಿ ಇರಲಿಲ್ಲ ಎಂದು ಡಾಕ್ಟರರು ತಿಳಿಸಿದರು. 6-35ಕ್ಕೆ ಸುಭಾಸ ಕಣ್ಣು ತೆರೆದು ನನ್ನ ಬಳೆ ಹಿಡಿದುಕೊಂಡನು.

ಆಸ್ಪತ್ರೆಯ ಹೊರಗೆ ನಾನು ಪ್ರಭುವಿನ ಕಾಲು ಮುಟ್ಟಲು ಹೋದೆನು. ಅವನು ಹಿಂದೆ ಸರಿದು, "ಬಿಡ ಅಕ್ಕಾ. ನಾ ಬಿಟ್ಟ ಹೋಗಬಾರದಿತ್ತು, ನೀ ಕಾಲರ್ ಹಿಡೀಬಾರದಿತ್ತು, ಹೋತು ಬಿಡು" ಎಂದನು. ಅಷ್ಟರಲ್ಲಿ ತಮನ್ನಾ ಅವರೂ ಬಂದಿದ್ದರು. ಸುಭಾಸನನ್ನು ಅವರು ಅಲ್ಲಿಯವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದರು. ಮಂಚದ ಹತ್ತಿರ ನಿಂತು ಅತ್ತರು. ಮರುದಿನ ಪ್ರಭುವಿನ ಟೆಂಪೋ ಬ್ಯಾಟರಿ ಖಾಲಿಯಾಗಿ ಚಾಲೂ ಆಗದಿದ್ದಾಗ ಹವಾಲ್ದಾರ ಗೌರೀಶ ಅವರು, ತಮನ್ನಾ ಅವರು ಮತ್ತು ನಾನು ಕೂಡಿ 200 ಮೀಟರ್ ನೂಕಿದೆವು.

ಕಾರಣ, ನನ್ನ ಫಿರ್ಯಾದಿಯಲ್ಲಿ ಪ್ರಭುವಿನ ಮೇಲೆ ಬರೆಸಿದ ಸಂಶಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಶಂಭುಲಿಂಗಪ್ಪ ಅವರ ಮೇಲೆಯೂ ಕಬ್ಬಿನ ಹಾಲಿನವರ ಮೇಲೆಯೂ ನನ್ನದು ಯಾವ ತಕರಾರೂ ಇಲ್ಲ. ಮೇಲೆ ಹೆಸರಿಸಿದ ಎಲ್ಲರಿಗೂ ನಾನು ಋಣಿ ಎಂದು ಬರೆಯಿರಿ ಎಂದು ಕೇಳಲಾಗಿ, ಹೇಳಿಕೆಯಲ್ಲಿ ಅಂಥದ್ದು ಬರೆಯುವ ಪದ್ಧತಿ ಇಲ್ಲವೆಂದು ಬರೆದುಕೊಳ್ಳುವವರು ತಿಳಿಸಿದರು. ನಾನು ಬರೆಯಲೇಬೇಕು ಎಂದು ಕೂತಿದ್ದರಿಂದ ಬರೆದುಕೊಂಡಿದ್ದಾರೆ.

ದಿನಾಂಕ 17ರ ಫಿರ್ಯಾದಿಯ ಕೆಳಗೂ ಬರೆಸಿದ್ದೆಲ್ಲ ನಿಜ ಎಂದು ನಾನು ಸಹಿ ಮಾಡಿದ್ದೆನು. ಅದರಲ್ಲಿ ನಾನು ಕಾಣದ್ದೂ ಇತ್ತು. ಈ ಹೇಳಿಕೆಯನ್ನು ನನಗೆ ಎರಡು ಸಲ ಓದಿ ಹೇಳಿದ್ದು, ಇದರಲ್ಲಿ ನಾನು ಕಂಡದ್ದು, ನನ್ನ ಎದುರಿಗೆ ಆಡಿದ್ದು ಮತ್ತು ನಾನು ಮಾಡಿದ ತಪ್ಪು ಮಾತ್ರ ಇದೆ. ನಿಜವಿದೆ.

ಸ್ಥಳ: ಕುಂದಗೋಳ
ದಿನಾಂಕ: 20-04-2025, ವೇಳೆ 12-15
ಸಹಿ: ಮಲ್ಲಿಕಾ ಸೋ. ಹುಣಸಿಮರದ